ಲೂಷಿಯಸ್ ಟಾಲಿವರ್ ಉಸಿರೆಳೆದಾಗ

ಸೇಂಟ್ ಲೂಯಿಸ್, ೧೯೩೧. ಬೆಳಗಿನ ಆರಕ್ಕೆ ಇನ್ನು ಕೆಲವೇ ನಿಮಿಷ. ರೇಡಿಯೋ ಕೇಂದ್ರದ ಇಕ್ಕಟ್ಟಾದ ಕೋಣೆಯಲ್ಲಿ ಲೂಷಿಯಸ್ ಟಾಲಿವರ್ ಅಂಗೈಗಳನ್ನು ಬಾಯಿಗೆ ಬೊಗಸೆಯಾಗಿ ಹಿಡಿದು, ಗಂಟಲಿನ ತಳದಿಂದ ಒಂದು ಸ್ವರ ಎತ್ತುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಹಿತ್ತಾಳೆಯ ದೊಡ್ಡ ಕಹಳೆಯೇ. ನಾಲ್ವರ ಹಾಡುಮೇಳದಲ್ಲಿ ಅವರದು ಎಲ್ಲಕ್ಕಿಂತ ಕೆಳಗಿನ ದನಿ. ಹಾಡುಗಳನ್ನು ಬರೆಯುವವರೂ ಅವರೇ. ಆದರೆ ಇಂದು ಮೈಕಿನ ಮುಂದೆ ಅವರಿಗೆ ಜಾಗವಿಲ್ಲ.

ಕಾರ್ಯಕ್ರಮದ ಖರ್ಚು ಹೊರುವ ಹಿಟ್ಟಿನ ಕಂಪನಿಯ ಹಾರ್‌ಗ್ರೇವ್, ಆ ಕೆಳದನಿಯ ಬದಲಿಗೆ ಆಳೆತ್ತರದ ತಂತಿವಾದ್ಯವೊಂದನ್ನೂ ಅದರ ವಾದಕನನ್ನೂ ಕರೆತಂದಿದ್ದಾರೆ. ಪ್ರಯೋಗ ಗೆದ್ದರೆ ನಾಳೆಯಿಂದ ಮೇಳ ಮೂವರದು. "ಬಾಯಲ್ಲಿ ಕಹಳೆ ಊದೋದು ಸರ್ಕಸ್ಸಿಗೆ ಸರಿ ಕಣಯ್ಯಾ" ಎನ್ನುತ್ತಾರೆ. ಲೂಷಿಯಸ್ ಗೋಡೆಗೆ ಸರಿಯುತ್ತಾರೆ.

ತಮ್ಮ ದನಿಯನ್ನು ಜನ ಕಹಳೆಯೆಂದುಕೊಳ್ಳುವುದು ಅವರಿಗೆ ಹೊಸತಲ್ಲ. "ನಮ್ಮವ್ವನೇ ರೇಡಿಯೋ ಕೇಳಿ, 'ಎಲ್ರೂ ಹಾಡಿದ್ರು, ನೀನೆಲ್ಲಿ ಹಾಳಾಗಿಹೋಗಿದ್ದೆ? ಆ ಕಹಳೆಯವನು ನಿನ್ನ ಮುಚ್ಚಿಹಾಕ್ದ' ಅಂತ ಬೈದ್ಲು!" ಎಂದು ನಗುತ್ತಾರೆ.

ಹಗಲಿನಲ್ಲಿ ಅವರು ಮಿಸಿಸಿಪ್ಪಿಯ ದಡದಲ್ಲಿ ಹತ್ತಿ ಮೂಟೆ ಹೊರುತ್ತಾರೆ. ಅಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಎತ್ತುವ ಪದ್ಧತಿಯಿಲ್ಲ. ಮುಂದಾಳಾದ ಲೂಷಿಯಸ್ ಉಸಿರೆಳೆದಾಗ ಉಳಿದವರು ಮೂಟೆಗೆ ಹೆಗಲು ಕೊಡುತ್ತಾರೆ. ಮೇಳದ ನಾಲ್ವರೂ ಅದೇ ದಡದ ಹಮಾಲರು. ಹಾಗಾಗಿ ಹಾಡುವಾಗಲೂ ಅಷ್ಟೇ: ಉಸಿರೆಳೆದು ಅವರ ಭುಜ ಏರಿದರೆ ಮೂವರ ಬಾಯಿ ತೆರೆಯುತ್ತದೆ. ಈ ಅಭ್ಯಾಸ ಎಷ್ಟು ಹಳೆಯದೆಂದರೆ, ತಾವು ಹಾಗೆ ಮಾಡುತ್ತೇವೆಂಬುದೇ ಅವರಿಗೆ ಮರೆತುಹೋಗಿದೆ.

ಆರು ಗಂಟೆ. ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಲೂಷಿಯಸ್ ಬರೆದ ಹೊಸ ಹಾಡಿಗೆ ತಂತಿ ಮಿಡಿಯುತ್ತದೆ. ಹಾಡಬೇಕಾದ ಜಾಗ ಬರುತ್ತದೆ. ಯಾರೂ ಹಾಡುವುದಿಲ್ಲ!

ಮುಖ್ಯ ಗಾಯಕ ರಾಸ್ಕೋ ಪಕ್ಕದವರತ್ತ ನೋಡುತ್ತಾರೆ. ಪಕ್ಕದವರು ವಾದ್ಯದತ್ತ ನೋಡುತ್ತಾರೆ. ವಾದ್ಯ ಉಸಿರಾಡುವುದಿಲ್ಲ. ವಾದಕ ಬೆವರುತ್ತ ಅದೇ ಮಟ್ಟನ್ನು ಮತ್ತೆ ನುಡಿಸುತ್ತಾನೆ. ಮತ್ತೆ ಮೌನ. ಗಾಜಿನಾಚೆ ಹಾರ್‌ಗ್ರೇವ್ ಎದ್ದು ನಿಲ್ಲುತ್ತಾರೆ.

ಲೂಷಿಯಸ್ ಗೋಡೆಗೆ ಒರಗಿ ಸುಮ್ಮನೆ ನಿಂತರೆ ಸಾಕು, ಪ್ರಯೋಗ ಮಣ್ಣುಗೂಡುತ್ತದೆ, ಅವರ ಜಾಗ ಉಳಿಯುತ್ತದೆ.

ಅವರು ತುದಿಗಾಲಲ್ಲಿ ನಡೆದು ವಾದ್ಯದ ಹಿಂದೆ, ಮೂವರಿಗೂ ಕಾಣುವಂತೆ ನಿಲ್ಲುತ್ತಾರೆ. ಭುಜವೆತ್ತಿ ಉಸಿರೆಳೆಯುತ್ತಾರೆ.

ಹಾಡು ಹೊಮ್ಮುತ್ತದೆ. ಕೊನೆಯ ಸಾಲಿನವರೆಗೂ ಅವರು ಹಾಗೆಯೇ ಉಸಿರು ಕೊಡುತ್ತಾರೆ, ಒಂದಿಷ್ಟೂ ಸದ್ದು ಹೊರಬಿಡದೆ.

ದೀಪ ಆರುತ್ತಲೇ ಹಾರ್‌ಗ್ರೇವ್ ನುಗ್ಗುತ್ತಾರೆ. "ಅಲ್ಲಿ ನಿಂತ್ಕೊಂಡು ಏನಯ್ಯಾ ಮಾಡ್ತಿದ್ದೆ?"

"ಉಸಿರಾಡ್ತಿದ್ದೆ, ಸಾಹೇಬ್ರೇ."

"ಇವನು ಹೊರಗಾದ್ರೆ ನಾವೂ ಹೊರಗೇ ಸಾಹೇಬ್ರೇ" ಎಂದು ರಾಸ್ಕೋ ಟೋಪಿ ಎತ್ತಿಕೊಳ್ಳುತ್ತಾರೆ. "ಆಮೇಲೆ ನಿಮ್ ಹಿಟ್ಟಿನ ಬಗ್ಗೆ ಆ ಮರದ ಡಬ್ಬಾನೇ ಹಾಡ್ಲಿ."

ಹಾರ್‌ಗ್ರೇವ್ ತಿರುಗಿ ಹೊರಡುತ್ತಾರೆ. ಬಾಗಿಲು ದಾಟುವಾಗ ಹಿಂತಿರುಗದೆ ಹೇಳುತ್ತಾರೆ: "ನಾಳೆ ನಾಲ್ವರೂ ಬನ್ನಿ."

ಸುಮ್ಮನಿದ್ದಿದ್ದರೆ ನೀನೇ ಗೆಲ್ಲುತ್ತಿದ್ದೆಯಲ್ಲ ಎಂದು ರಾಸ್ಕೋ ಕೇಳಿದರೆ, ಲೂಷಿಯಸ್ ದಡದ ಕೆಲಸಕ್ಕೆ ಹೊರಟವರು ಮೆಟ್ಟಿಲ ಮೇಲೆ ನಿಲ್ಲುತ್ತಾರೆ. "ನಾನ್ ಬರ್ದಿದ್ ಹಾಡನ್ನ ನಾನೇ ಬೀಳೋಕೆ ಬಿಟ್ಟು ಜಾಗ ಉಳಿಸ್ಕೊಂಡ್ರೆ, ಆಮೇಲೆ ಯಾವ ಮುಖ ಇಟ್ಕೊಂಡು ಇನ್ನೊಂದು ಬರೀಲಿ?"