ದೇವರು ಬಂಡೆಯ ನಡುವೆ ಕೂತ ಕಾರಣ

ದೊಡ್ಡಾಕಿ, ಸಣ್ಣಾಂವ, ಇಬ್ಬರೂ ಓದಿ. ನಮ್ಮೂರ ದೇವರ ಗುಡಿ ಅಷ್ಟು ಕಡಿದಾದ ಬಂಡೆಯ ನಡುವೆ ಯಾಕಿದೆ ಎಂದು ಮೊನ್ನೆ ಈ ಅಜ್ಜಿಯನ್ನು ಕೇಳಿದಿರಿ. ನಿಮ್ಮವ್ವ ಎದುರಿಗಿದ್ದಳು. ನಾನು ನಾಚಿ ಮಾತು ಹೊರಳಿಸಿದೆ.

ದೇವರು ತಪಸ್ಸಿಗೆ ಹೋದ ಎನ್ನುತ್ತಾನೆ ಪೂಜಾರಿ. ಬಂಡೆಯ ಸಂದಿಯಲ್ಲಿ ನೀರು ಜಿನುಗುತ್ತದೆ, ಅದಕ್ಕೇ ಹಿಂದಿನವರು ಅಲ್ಲಿ ಕಟ್ಟಿದರು ಎಂದು ಬಸವಕಲ್ಯಾಣದ ನಿಮ್ಮ ಮಾಸ್ತರರು ಹೇಳಿದರಂತೆ. ಎರಡೂ ಖರೆ ಇರಬಹುದು. ಹೆಂಗಸರಿಗೆ ಗೊತ್ತಿರುವ ಕಾರಣ ಬೇರೆ.

ಸೋಮವಾರ ಸೊಸೆಯೇ ಕೆಳಗಿನ ಬಾವಿಯಿಂದ ಕೊಡ ಹೊತ್ತು ಹತ್ತಿ ದೇವರಿಗೆ ನೀರೆರೆಯುವುದು ನಮ್ಮೂರ ಪದ್ಧತಿ. ಅತ್ತೆಯರಿಗೆ ಅಷ್ಟು ಹತ್ತಲಾಗದು. ನಾನು ಸೊಸೆಯಾಗಿದ್ದಾಗ, ನೀರೆರೆದ ಮೇಲೆ ಸೊಸೆಯರೆಲ್ಲ ಕಾಲು ಚಾಚಿ ಕೂತು, ತಮ್ಮ ತಮ್ಮ ಅತ್ತೆಯರ ಹಾಗೆ ನಡೆದು, ಬೈದು ತೋರಿಸುತ್ತಿದ್ದೆವು. ಊರೊಳಗೆ ಬಾಯಿ ಬಿಡದ ನಾನು ಅಲ್ಲಿ ನಮ್ಮತ್ತೆಯಂತೆ ಸೀನಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

"ಯಾಕ ಇಷ್ಟೊತ್ತು?" ಎಂದು ಅತ್ತೆ ಕೇಳುತ್ತಿದ್ದರು.

"ದೇವ್ರ ಮುಂದ ಮಂದಿ ಗರ್ದಿ ಇತ್ರಿ ಅತ್ತಿ."

ಈ ವರ್ಷ ಊರ ಹಿರಿಯರು ದೇವರನ್ನು ಹುಮನಾಬಾದ್ ರಸ್ತೆಯ ಬದಿಗೆ ಇಳಿಸುತ್ತೇವೆಂದು ಸಭೆ ಕರೆದರು. "ನಿಮ್ಮಂಥೋರ ಮೊಣಕಾಲ ಸಲುವಾಗೇ ಮಾಡಾಕತ್ತೀವ್ರಿ ಕಾಕು," ಎಂದು ಗೌಡರು ನನ್ನನ್ನೇ ತೋರಿಸಿದರು. ನನಗೂ ಆಸೆಯಾಯಿತು. ಡಾಕ್ಟರು ಗುಡ್ಡ ಹತ್ತಬೇಡವೆಂದ ಮೇಲೆ ನಾನು ದೇವರ ಮುಖ ನೋಡಿಲ್ಲ. ಆದರೆ ಹಿಂದೆ ನಿಂತಿದ್ದ ನಿಮ್ಮವ್ವನ ಮುಖ ಬಾಡಿತ್ತು.

"ಬ್ಯಾಡ್ರಿ," ಎಂದೆ. ಅಷ್ಟು ಗಂಡಸರ ನಡುವೆ ನನ್ನ ದನಿ ಕೇಳಿ ನಾನೇ ಬೆಚ್ಚಿದೆ.

"ಯಾಕ್ರಿ?"

ಖರೆ ಕಾರಣ ಹೇಳುವಂತಿಲ್ಲ. "ಲಾರಿ ಹಾರ್ನಿಗೆ ದೇವ್ರಿಗೆ ನಿದ್ದಿ ಹತ್ತಂಗಿಲ್ರಿ," ಎಂದುಬಿಟ್ಟೆ.

ಗಂಡಸರು ನಕ್ಕರು. ಹಿಂದೆ ನನ್ನ ಜೊತೆ ಮೇಲೆ ಕೂತು ನಕ್ಕ ಹೆಂಗಸರೂ ಸಭೆಯಲ್ಲಿದ್ದರು, ಎಲ್ಲರೂ ಈಗ ಅತ್ತೆಯರು. ಒಬ್ಬರೂ ನಗಲಿಲ್ಲ. "ಹೌದ್ರಿ, ಖರೇ ಅದ. ನಿದ್ದಿ ಇಲ್ದ ದೇವ್ರು ಸಿಟ್ಟಿಗೇಳ್ತಾನ," ಎಂದು ಎಲ್ಲರೂ ಒಟ್ಟಿಗೇ ಗದ್ದಲ ಎಬ್ಬಿಸಿದರು. ದೇವರು ಇದ್ದಲ್ಲೇ ಉಳಿದ.

ಮುಂದಿನ ಸೋಮವಾರ ನಿಮ್ಮವ್ವ ತಡವಾಗಿ ಬಂದಳು. ನಾನು ಏನೂ ಕೇಳಿರಲಿಲ್ಲ.

"ಗರ್ದಿ ಇತ್ರಿ ಅತ್ತಿ."

"ಇರ್ತದವ್ವ," ಎಂದೆ.

ಈಗ ಸೋಮವಾರ ಬಾವಿಯ ಹತ್ತಿರ ಕೂತು ಅಲ್ಲಿಂದಲೇ ಕೈ ಮುಗಿಯುತ್ತೇನೆ. ಮೇಲಿನ ನಗು ಕೆಳಗಿನವರೆಗೂ ಕೇಳುತ್ತದೆ. ನನ್ನ ಕುಂಟು ನಡಿಗೆಯನ್ನು ನಿಮ್ಮವ್ವ ಚೆನ್ನಾಗಿಯೇ ಮಾಡುತ್ತಿರಬೇಕು.

ಈ ಹಾಳೆಗಳನ್ನು ಜೋಪಾನವಾಗಿಡಿ. ದೊಡ್ಡಾಕಿ, ಮುಂದೆ ನಿನ್ನ ಅತ್ತೆಯ ಕೈಗೆ ಸಿಗದ ಹಾಗೆ ಇಡು.