ಆಲ್ವಿನಾಳ ಹೊಲಕ್ಕೆ ಹಾರ್ಮ್ ಕಟ್ಟಿದ ಬೆಲೆ

ನಮ್ಮ ಅಯೋವಾದ ಈ ಮೂಲೆಯಲ್ಲಿ ಹೊಲದ ಬೆಲೆ ಕಟ್ಟುವುದರಲ್ಲಿ ಹಾರ್ಮ್ ಐಲರ್ಸ್‌ನನ್ನು ಮೀರಿಸುವವನಿಲ್ಲ ಎಂದು ಹಾರ್ಮ್ ಐಲರ್ಸನೇ ಹೇಳುತ್ತಿದ್ದ. ಬೇರೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅವನ ಬೇಲಿಗೆ ಹೊಂದಿಕೊಂಡ ಹೊಲ ಗಂಡ ಸತ್ತ ಆಲ್ವಿನಾಳದು. ಅವಳು ಅದನ್ನು ಹರಾಜಿಗಿಡುತ್ತಾಳೆಂದು ಗೊತ್ತಾದದ್ದೇ ತಡ, ಹಾರ್ಮ್ ಧಾನ್ಯದ ಗೋದಾಮಿನ ಕಾಫಿ ಮೇಜಿನಲ್ಲಿ ಚಳಿಗಾಲವಿಡೀ ಅದನ್ನು ಹಳಿಯುತ್ತ ಕೂತ.

"ಹೊಲವೇನ್ರೀ ಅದು? ಕೆಳಗಡೆ ಜೌಗು, ಮೇಲ್ಗಡೆ ಮರಳು. ನೀರು ಬಸಿಯೋಕೆ ಹೂತಿರೋ ಕೊಳವೆ ನಮ್ಮಜ್ಜನ ಕಾಲದ್ದು. ಮಳೆ ಬಂದ್ರೆ ಆ ಮಣ್ಣು ರಸ್ತೇಲಿ ಲಾರಿ ಹೂತ್ಕೊಳತ್ತೆ!"

ಅಷ್ಟಕ್ಕೇ ಬಿಟ್ಟಿದ್ದರೆ ಆಸೆಬುರುಕ ಎಂದು ಸುಮ್ಮನಾಗಬಹುದಿತ್ತು. ಅವಳ ಅಡುಗೆಮನೆಗೇ ಹೋಗಿ, ಅವಳೇ ಬಡಿಸಿದ ಪೈ ತಿನ್ನುತ್ತ, "ಅಕ್ಕಾ, ಹರಾಜು ಯಾಕೆ? ಯಾರೂ ಕೂಗದೇ ಇದ್ರೆ ಮರ್ಯಾದೆ ಹೋಗತ್ತೆ. ನಾನೇ ತಗೋತೀನಿ ಬಿಡು" ಅಂದನಂತೆ.

"ಅಷ್ಟು ಕೆಟ್ಟ ಹೊಲಾನ ನಿನ್ನ ತಲೆಗೆ ಕಟ್ಟಿದ್ರೆ ದೇವರು ಮೆಚ್ತಾನೇನಪ್ಪಾ?" ಎಂದಳಂತೆ ಆಲ್ವಿನಾ.

ಚುಚ್ಚಿದ್ದು ಅವನಿಗೆ ತಾಗಲೇ ಇಲ್ಲ. ಇನ್ನೊಂದು ತುಂಡು ಪೈ ಕೇಳಿದ.

ಮಾರ್ಚ್‌ನಲ್ಲಿ ಸಮುದಾಯ ಭವನದಲ್ಲಿ ಹರಾಜು. ಹೊರಗಿನಿಂದ ಬಂದಿದ್ದ ಇಬ್ಬರು ಬೇಗನೆ ಕೈಬಿಟ್ಟರು. ಹಾರ್ಮ್ ಮೀಸೆಯಡಿಯಲ್ಲೇ ನಕ್ಕ. ಆಗ ಹಿಂದಿನ ಸಾಲಿನಿಂದ ಅವನ ದಾಯಾದಿ ಗರ್ಡ್ ಕೈಯೆತ್ತಿದ. ಹಳೆಯದೊಂದು ಬೇಲಿ ಜಗಳದಿಂದ ಇಬ್ಬರಿಗೂ ಮಾತಿರಲಿಲ್ಲ. ಅಲ್ಲಿಂದ ಮುಂದೆ ಮಣ್ಣು, ನೀರು, ರಸ್ತೆ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಗರ್ಡ್ ಎತ್ತಿದ, ಹಾರ್ಮ್ ಕೆಂಪಗಾಗಿ ಎತ್ತಿದ.

ಹೆಂಡತಿ ಲೊರೇನ್ ತೋಳು ಜಗ್ಗಿದಳು. "ಸಾಕು ಬಿಡ್ರೀ, ಆ ಜೌಗಿಗೆ!"

"ಸುಮ್ನಿರೇ! ಅವನ ಪಾಲಾಗೋದನ್ನ ನೋಡ್ಕೊಂಡಿರ್ಲಾ?"

ಗರ್ಡ್ ಥಟ್ಟನೆ ಕೈಯನ್ನು ಜೇಬಿಗಿಳಿಸಿ ಕಾಫಿ ತರಲು ಎದ್ದ. ಒಳ್ಳೆಯ ಕರಿಮಣ್ಣಿಗೂ ಯಾರೂ ಕೊಡದ ಬೆಲೆಗೆ ಜೌಗು ಹಾರ್ಮ್‌ನದಾಯಿತು. ಆಲ್ವಿನಾ ಬಂದು ಅವನ ಕೈ ಕುಲುಕಿದಳು.

ಆ ಬೆಲೆಗೆಂದು ಮಾಡಿದ ಸಾಲ ತೀರಿಸಲು ಮುಂದಿನ ಚಳಿಗಾಲ ಅವನು ಡಾಂಬರು ರಸ್ತೆ ಪಕ್ಕದ, ಅಪ್ಪನಿಂದ ಬಂದ ಹೊಲವನ್ನೇ ಹರಾಜಿಗಿಡಬೇಕಾಯಿತು. ಆ ವರ್ಷ ಮೆಕ್ಕೆಜೋಳದ ಬೆಲೆ ಬಿದ್ದು ಬಡ್ಡಿ ಏರಿತ್ತು; ಎದುರು ಕೂಗುವವರೇ ಇಲ್ಲದೆ ಗರ್ಡ್ ಅದನ್ನು ಸಲೀಸಾಗಿ ಕೊಂಡ. ಹಾರ್ಮ್ ಬರಲೇ ಇಲ್ಲ. ಲೊರೇನ್ ಒಬ್ಬಳೇ ಮುಂದಿನ ಸಾಲಿನಲ್ಲಿ ಕೊನೆಯವರೆಗೂ ಕೂತಿದ್ದಳು.

"ಯಜಮಾನ್ರು ಎಲ್ಲಮ್ಮಾ?" ಎಂದೆ.

"ನೆಗಡಿ ಅಂತೆ" ಎಂದು ಕೈಗವಸು ಹಾಕಿಕೊಂಡು ಹೊರಟಳು. ನನಗೆ ಅವಳ ಮೇಲೆ ಮರುಕ ಬಂತು. ಅವನ ಮೇಲೆ ಇವತ್ತಿಗೂ ಬಂದಿಲ್ಲ.