ಗೆರೆಯ ಕೆಳಗಿದ್ದ ಚುಕ್ಕಿ

ಮೂರು ವರ್ಷದ ಹಿಂದಿನ ಎಳ್ಳಮಾವಾಸ್ಯೆ. ಚೊಚ್ಚಲ ಹೆರಿಗೆಗೆಂದು ನಾನು ಚೌಡಾಪುರದ ತವರಿನಲ್ಲಿದ್ದೆ. ಭೂತಾಯಿಗೆ ಎಡೆ ಹಿಡಿದು ಚರಗ ಚೆಲ್ಲಲು ಓಣಿಯವರೆಲ್ಲ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಮಧ್ಯಾಹ್ನ ಒಮ್ಮೆಲೇ ನೋವು ಹೆಚ್ಚಿತು. ಗಾಡಿ ತರಲೂ ಯಾರೂ ಇಲ್ಲ. ಅವ್ವನ ಕೈಯಲ್ಲೇ ಹೆಣ್ಣು ಕೂಸು ಹುಟ್ಟಿತು. ಒಮ್ಮೆ ಅತ್ತು ಸುಮ್ಮನಾಯಿತು.

"ಅಮಾಸಿ ಕೂಸಂದ್ರ ನಿಮ್ಮ ಅತ್ತಿ ಮನ್ಯಾಗ ಏನಂತಾರೋ. ನಿನ್ನೆ ರಾತ್ರಿ ಹುಟ್ಟೇದ ಅಂತ ಹೇಳ್ತೇನಿ. ನೀ ಸುಮ್ನಿರು," ಎಂದಳು ಅವ್ವ. ನನಗೆ ಮಾತಾಡುವ ತ್ರಾಣವಿರಲಿಲ್ಲ.

ಆಮೇಲೆ ಕೂಸು ಅಳಲೇ ಇಲ್ಲ. ನೋಡಲು ಬಂದವರು "ಭಾಳ ಶಾಣ್ಯಾ ಕೂಸು" ಎಂದು ಹೊಗಳಿದರು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿತ್ತು. ಬಲ್ಬಿನ ಬೆಳಕಿನಲ್ಲಿ ನಾವೆಲ್ಲರೂ ಹಳದಿಯಾಗಿಯೇ ಕಾಣುತ್ತಿದ್ದೆವು. ಎರಡು ದಿನದ ಮೇಲೆ ಬಂದ ನನ್ನ ಗಂಡ ಕೂಸನ್ನು ಅಂಗಳಕ್ಕೆ ಎತ್ತಿಕೊಂಡು ಹೋದರು. ಬಿಸಿಲಿನಲ್ಲೂ ಅದು ಹಳದಿಯಾಗಿಯೇ ಇತ್ತು. ಕಣ್ಣಿನ ಬಿಳಿ ಕೂಡ.

ಅಫಜಲಪುರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ಡಾಕ್ಟರಮ್ಮ ಗೆರೆಗಳಿದ್ದ ಒಂದು ಚಾರ್ಟ್ ಮುಂದಿಟ್ಟುಕೊಂಡು, "ಹುಟ್ಟಿದ್ದು ಯಾವಾಗ್ರಿ?" ಎಂದರು. ಅವ್ವ ಅಮಾವಾಸ್ಯೆಯ ಹಿಂದಿನ ರಾತ್ರಿ ಎಂದೇ ಹೇಳಿದಳು. ಅವರು ಒಂದು ಚುಕ್ಕಿ ಇಟ್ಟರು.

"ಕಾಮಾಲೆ ಅದ. ಆದ್ರ ರಕ್ತದಾಗಿನ ಹಳದಿ ಅಂಶ, ಬಿಲಿರುಬಿನ್, ಅಪಾಯದ ಗೆರೆ ಕೆಳಗೇ ಅದ. ಹಾಲು ಕುಡಸ್ರಿ, ನಾಳೆ ಮತ್ತ ನೋಡೋಣು."

"ಹುಟ್ಟಿದ ವ್ಯಾಳ್ಯಾ ಯಾಕ ಬೇಕ್ರಿ?" ಎಂದು ಕೇಳಿದೆ.

"ಹುಟ್ಟಿ ಕಮ್ಮಿ ತಾಸು ಆಗಿದ್ದ ಕೂಸಿಗೆ ಇಷ್ಟೇ ಬಿಲಿರುಬಿನ್ ಇದ್ರೂ ಅಪಾಯ್ರಿ. ಮಿದುಳಿಗೆ ಏರಬಹುದು."

ಅವ್ವ ನನ್ನ ಮೊಣಕೈ ಹಿಡಿದಳು. ತೊಡೆಯ ಮೇಲಿನ ಕೂಸು ಅಲುಗದೆ ಮಲಗಿತ್ತು. ಹುಟ್ಟಿದ ಹೊತ್ತಿನಂತೆ ಈ ಕೂಸೂ ಸುಳ್ಳೇನೋ, ನನ್ನ ಖರೇ ಕೂಸು ಇನ್ನೆಲ್ಲೋ ಅಳುತ್ತಿದೆಯೇನೋ ಅನ್ನಿಸಿತು.

"ರಾತ್ರಿ ಅಲ್ರಿ. ಮರುದಿನ ಮಧ್ಯಾಹ್ನ ಹುಟ್ಟೇದ. ಅಮಾಸಿ ದಿನ," ಎಂದೆ.

ಗಂಡ ನನ್ನತ್ತ ತಿರುಗಿದರು. ಡಾಕ್ಟರಮ್ಮ ಚುಕ್ಕಿಯನ್ನು ಎಡಕ್ಕೆ ಸರಿಸಿ ಇಟ್ಟರು. ಅಲ್ಲಿ ಗೆರೆ ತಗ್ಗಿತ್ತು. ಚುಕ್ಕಿ ಅದನ್ನು ದಾಟಿ ಮೇಲೆ ನಿಂತಿತು.

"ಈಗಿಂದೀಗ ಲೈಟಿನ ಕೆಳಗ ಇಡಬೇಕ್ರಿ."

ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ಬೆಳಕಿನಡಿ ಮಲಗಿಸಿದರು. ಹಳದಿಯೆಲ್ಲ ಮಾಯವಾಗಿ ಕೂಸು ಬೂದಿ ಬಣ್ಣಕ್ಕೆ ತಿರುಗಿತು. ಮುಟ್ಟಲು ಚಾಚಿದ ನನ್ನ ಕೈಯೂ ಹೆಣದ ಕೈಯಂತೆ ಕಂಡಿತು. ಹೊರಗೆ ಅವ್ವ ಅಳುತ್ತಿದ್ದಳು. "ಅಳಬ್ಯಾಡ್ರಿ ಅತ್ತಿ. ಅಮಾಸಿ ಇರ್ಲಿ, ಹುಣ್ಣಿಮಿ ಇರ್ಲಿ, ಕೂಸು ಉಳಿದ್ರ ಸಾಕು," ಎಂದು ನನ್ನ ಗಂಡ ಅವಳಿಗೆ ಹೇಳುವುದು ಕೇಳಿಸಿತು.

ಮರುದಿನ ಕೂಸು ಹಾಲಿಗಾಗಿ ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕಿರುಚಿತು.

ಈಗ ಮಗಳು ಮನೆ ತುಂಬ ಓಡಾಡುತ್ತಾಳೆ. ಆದರೂ ಹಗಲಲ್ಲಿ ಅವಳು ಹೆಚ್ಚು ಹೊತ್ತು ಮಲಗಿದರೆ ನನಗೆ ತಡೆಯಲಾಗದು, ಎಬ್ಬಿಸಿಬಿಡುತ್ತೇನೆ. "ಯಾಕ ಎಬ್ಬಸ್ತಿ ಬೇ?" ಎಂದು ರಂಪ ಮಾಡುತ್ತಾಳೆ. ಆ ರಂಪ ಕೇಳಿದ ಮೇಲೆಯೇ ನನಗೆ ಜೀವ ಬರುತ್ತದೆ.